‘ಅಚ್ಚುಬಿರುಕು’, ‘ಗೀರು’, ‘ಏಟು’: ಹಳೆಯ ಬೆಳ್ಳಿ ರೂಪಾಯಿಯ ವಿವರಣೆಗೆ ಪದಗಳು

ಪ್ರಶ್ನೆ: ಬೆಳ್ಳಿ ರೂಪಾಯಿಗಳ ಪಟ್ಟಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ‘ಡೈ ಕ್ರ್ಯಾಕ್’, ‘ಡೈ ಕ್ಲ್ಯಾಶ್’, ‘ಸ್ಕ್ರ್ಯಾಚ್’ ಎಲ್ಲಕ್ಕೂ ‘ದೋಷ’ ಎಂದರೆ ನಡೆದೀತೇ? ‘ಡೈ’ಗೆ ಅಚ್ಚೋ ಠಸ್ಸೆಯೋ?

ಉತ್ತರ: ನಡೆಯದು. ಅಚ್ಚಿನ ದೋಷ ಟಂಕಸಾಲೆಯಲ್ಲೇ ಹುಟ್ಟಿದ್ದು. ಅಚ್ಚು ಕೆಟ್ಟ ಮೇಲೆ ಅದರಿಂದ ಹೊರಬಿದ್ದ ನಾಣ್ಯಗಳಲ್ಲೆಲ್ಲ ಅದೇ ಜಾಗದಲ್ಲಿ ಕಾಣುತ್ತದೆ. ಗೀರು, ಏಟು ಆ ಒಂದು ನಾಣ್ಯದ ಪಾಡು. ಗುರುತು ಟಂಕಸಾಲೆಯದೋ ಆಮೇಲಿನದೋ ಎಂಬುದನ್ನೇ ಕೊಳ್ಳುವವರು ಕೇಳುವುದು.

‘ಠಸ್ಸೆ’ ಎಂದರೆ ಕಚೇರಿಯ ಮೊಹರು ನೆನಪಾಗುತ್ತದೆ, ‘ಅಚ್ಚು’ ಸಾಕು. ತೊಡಕೆಂದರೆ ಒತ್ತುವ ಸಾಧನಕ್ಕೂ ಒತ್ತಿ ಮೂಡಿದ್ದಕ್ಕೂ ಜನ ಅಚ್ಚು ಅನ್ನುತ್ತಾರೆ. ಸಾಧನ ‘ಅಚ್ಚು’, ಮೂಡಿದ್ದು ‘ಮುದ್ರೆ’, ಒತ್ತುವ ಮುಂಚಿನ ಬೆಳ್ಳಿತುಂಡು ‘ಬಿಲ್ಲೆ’ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಉಕ್ಕಿನ ಅಚ್ಚು ಸೀಳಿದರೆ ಆ ಸಂದಿಗೆ ಬೆಳ್ಳಿ ನುಗ್ಗುತ್ತದೆ. ಆದ್ದರಿಂದ ‘ಅಚ್ಚುಬಿರುಕು’ ನಾಣ್ಯದ ಮೇಲೆ ಉಬ್ಬುಗೆರೆ, ಹೆಚ್ಚಾಗಿ ಅಂಚಿನಿಂದ ಹೊರಟು ಅಕ್ಷರಗಳನ್ನು ಹಾಯ್ದುಹೋಗುತ್ತದೆ. ‘ನಾಣ್ಯ ಬಿರುಕು ಬಿಟ್ಟಿದೆ’ ಎಂದು ಬರೆದರೆ ಬಿಲ್ಲೆಯೇ ಒಡೆದಿದೆ ಎಂದಾಗುತ್ತದೆ. ಗೀರು ತಗ್ಗು, ಸರಿದ ಬೆಳ್ಳಿ ಅದರ ಇಕ್ಕೆಲದಲ್ಲಿ ಸಣ್ಣ ಏಣಾಗಿ ನಿಂತಿರುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು, ಒಂದೇ ಬದಿಯಿಂದ ಬೆಳಕು ಬಿಟ್ಟು, ನಾಣ್ಯವನ್ನು ನಿಧಾನ ತಿರುಗಿಸಿ ನೋಡಬೇಕು. ಫೋಟೋದಲ್ಲಿ ತಗ್ಗೂ ಉಬ್ಬಿನಂತೆ ಕಂಡು ಮೋಸವಾಗುತ್ತದೆ. ಪಕ್ಕದ ಅಕ್ಷರದ ನೆರಳು ಯಾವ ಕಡೆಗಿದೆ ನೋಡಿ: ಗೆರೆಯ ನೆರಳೂ ಅದೇ ಕಡೆಗಿದ್ದರೆ ಉಬ್ಬು, ಎದುರು ಕಡೆಗಿದ್ದರೆ ತಗ್ಗು.

ನಡುವೆ ಬಿಲ್ಲೆಯಿಲ್ಲದೆ ಎರಡು ಅಚ್ಚು ಬಡಿದುಕೊಂಡದ್ದಕ್ಕೆ ‘ಅಚ್ಚುಡಿಕ್ಕಿ’ ಎನ್ನಬಹುದು. ಒಂದು ಬದಿಯ ಚಿತ್ರದ ಮೇರೆ ಇನ್ನೊಂದು ಬದಿಯ ಖಾಲಿ ಜಾಗದಲ್ಲಿ ಮಸುಕಾಗಿ, ಅಕ್ಷರವಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿ, ಮೂಡಿರುತ್ತದೆ.

‘ಉಬ್ಬಿದ್ದರೆ ಅಚ್ಚಿನದು, ತಗ್ಗಿದ್ದರೆ ಆಮೇಲಿನದು’ ಎಂಬ ಸೂತ್ರವನ್ನು ಕಣ್ಣುಮುಚ್ಚಿ ನಂಬುವುದು ಬೇಡ. ವಿಕ್ಟೋರಿಯಾಳ ಕೆಲವು ಮುಂಬಯಿ ರೂಪಾಯಿಗಳಲ್ಲಿ ಮುಂಬಯಿ ಟಂಕಸಾಲೆಯನ್ನು ಸೂಚಿಸುವ ‘ಬಿ’ ಅಕ್ಷರ ತಗ್ಗಾಗಿಯೇ ಇದೆ, ಅದು ಅಲ್ಲೇ ಒತ್ತಿದ್ದು. ಅಚ್ಚಿಗೂ ಬಿಲ್ಲೆಗೂ ನಡುವೆ ಕಸ ಸಿಕ್ಕಿ ಬಿದ್ದ ಕುಳಿಯೂ ತಗ್ಗೇ, ಆದರೆ ಸುತ್ತ ಏಣಿರದು. ಇನ್ನು ಒಡವೆಯಾಗಿ ತೊಡಲು ಬೆಸೆದಿದ್ದ ಕೊಂಡಿ ಕಿತ್ತ ಮೇಲೆ ಉಳಿದ ಬೆಸುಗೆಯ ಗಂಟು ಉಬ್ಬಿದ್ದರೂ ಆಮೇಲಿನದು. ಅಂಚಿನ ಹಲ್ಲುಗೆರೆ ಅಲ್ಲಿ ಅಳಿಸಿರುತ್ತದೆ, ಬಣ್ಣವೂ ಬೇರೆ. 1862ರ ರೂಪಾಯಿಯ ಚುಕ್ಕಿಗಳನ್ನಂತೂ ದೋಷವೆನ್ನಲೇಬೇಡಿ. ಆ ಇಸವಿಯನ್ನು ಬದಲಿಸದೆ 1874ರವರೆಗೆ ಟಂಕಿಸಿದರು, ಒತ್ತಿದ ವರ್ಷ ಗುರುತಿಸಲೆಂದು ಬೇಕೆಂದೇ ಇಟ್ಟ ಚುಕ್ಕಿಗಳವು ಎನ್ನುತ್ತಾರೆ.

ನವಿರು ಗೆರೆಗಳಲ್ಲೂ ಎರಡು ಬಗೆ. ಅಚ್ಚಿಗೆ ಹೊಳಪು ಕೊಟ್ಟಾಗ ಉಳಿದವು ಉಬ್ಬಾಗಿದ್ದು ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತವೆ. ಯಾರೋ ಪುಡಿ ಹಾಕಿ ಉಜ್ಜಿದ ಗೆರೆಗಳು ಅಕ್ಷರ, ಮುಖ ಎನ್ನದೆ ಎಲ್ಲದರ ಮೇಲೂ ಹಾದಿರುತ್ತವೆ. ಮೊದಲನೆಯವಕ್ಕೆ ‘ಅಚ್ಚಿನ ಹೊಳಪುಗೆರೆ’, ಎರಡನೆಯವಕ್ಕೆ ‘ಉಜ್ಜುಗೆರೆ’.

ಮೊಗಲರ, ಈಸ್ಟ್ ಇಂಡಿಯಾ ಕಂಪನಿಯ ಕೈಯಚ್ಚಿನ ರೂಪಾಯಿಗಳ ಮೇಲಿನ ಸಣ್ಣ ಒತ್ತುಗಳಿಗೆ ‘ಚಿನಿವಾರನ ಗುರುತು’ ಚೆನ್ನಾಗಿ ಒಪ್ಪುತ್ತದೆ. ಅವು ಟಂಕಸಾಲೆ ದಾಟಿದ ಮೇಲೆ, ಬೆಳ್ಳಿಯ ಪರೀಕ್ಷೆಗೆಂದು ಬಿದ್ದವು. ಅವನ್ನು ‘ಏಟು’ ಎಂದು ತಳ್ಳಿಹಾಕದೆ ಬೇರೆಯಾಗಿ ನಮೂದಿಸಿ.

ಪಟ್ಟಿಯ ಸಾಲು ಹೀಗಿದ್ದರೆ ಸಾಕು: ‘ಮುಂಬದಿ: ಅಂಚಿನಿಂದ ಕಿರೀಟದವರೆಗೆ ಅಚ್ಚುಬಿರುಕು. ಹಿಂಬದಿ: ಇಸವಿಯ ಕೆಳಗೆ ಒಂದು ಗೀರು. ಅಂಚು: ಮೇಲ್ಗಡೆ ಬೆಸುಗೆ ತೆಗೆದ ಗುರುತು.’