ಅತ್ತಿಗೆಗೆ ಪಿಎಚ್.ಡಿ. ಬಂದಿದೆ, ತಕ್ಕ ರೀತಿಯಲ್ಲಿ ಅಭಿನಂದಿಸುವುದು ಹೇಗೆ?

ನಾಪೋಕ್ಲು ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ಅಣ್ಣನ ಹೆಂಡತಿ ಕಳೆದ ವಾರ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಸಿ ಬಂದರು. ವಿಷಯ ಕೊಡಗಿನ ದೇವರಕಾಡುಗಳ, ಅಂದರೆ ದೇವರ ಹೆಸರಲ್ಲಿ ಊರವರು ಕಾಪಾಡಿಕೊಂಡು ಬಂದ ಕಾಡುಗಳ ಮರಗಿಡ. ಶಾಲೆಯ ಕೆಲಸ, ಇಬ್ಬರು ಮಕ್ಕಳು, ಈಗ ಹಾಸಿಗೆ ಹಿಡಿದಿರುವ ನಮ್ಮ ಅಮ್ಮ, ಇಷ್ಟರ ನಡುವೆ ಓದಿದವರು.

ದೊಡ್ಡಪ್ಪನವರು ಮಡಿಕೇರಿಯಲ್ಲಿ ಸಭಾಂಗಣ ಹಿಡಿದು ಶಾಲು, ಹಾರ, ಮೈಸೂರು ಪೇಟ, ರಸ್ತೆಬದಿಗೆ ಫ್ಲೆಕ್ಸ್ ಎಂದೆಲ್ಲ ಯೋಚಿಸಿದ್ದಾರೆ. ಅವರ ಸಂತೋಷ ದೊಡ್ಡದು. ಆದರೆ ಅತ್ತಿಗೆ ವೇದಿಕೆ ಹತ್ತಿದರೆ ಮುದುಡಿಕೊಳ್ಳುವವರು.

ನನ್ನ ಕಣ್ಣಲ್ಲಿ ನಿಂತಿರುವುದು ಅವರ ದುಡಿಮೆ. ಕಾಡಿನಿಂದ ತಂದ ರೆಂಬೆಗಳನ್ನು ಮಾದರಿಗೆಂದು ಒಣಗಿಸಿಡಲು ಹಳೆಯ ಪತ್ರಿಕೆಗಳ ನಡುವೆ ಹರಡಿ, ಮೇಲೆ ಕೆಳಗೆ ಹಲಗೆಯಿಟ್ಟು ಹಗ್ಗ ಬಿಗಿಯುತ್ತಿದ್ದರು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಉಟ್ಟ ಬಟ್ಟೆಯೇ ಒಣಗದು, ಎಲೆ ಒಣಗುವುದೆಲ್ಲಿ? ಒಂದು ದಿನ ಪತ್ರಿಕೆ ಬದಲಿಸದಿದ್ದರೆ ಬೂಷ್ಟು. ಕೊನೆಗೆ ಆ ಕಟ್ಟುಗಳೆಲ್ಲ ಒಲೆಯ ಮೇಲಿನ ಅಟ್ಟ ಸೇರಿದವು. ಆಗಿನ್ನೂ ಓಡಾಡುತ್ತಿದ್ದ ಅಮ್ಮ ಹೊಗೆ ಏಳದಂತೆ, ಕೆಂಡ ಆರದಂತೆ ನೋಡಿಕೊಳ್ಳುತ್ತಿದ್ದರು. ಸೊಸೆ ಕಾಲಿನ ಜಿಗಣೆ ಕಿತ್ತುಕೊಳ್ಳುವಷ್ಟರಲ್ಲಿ ಅತ್ತೆ ಎಲೆ ತಿರುವಿಹಾಕಿ ಆಗಿರುತ್ತಿತ್ತು.

ಇದಕ್ಕೆ ಒಪ್ಪುವ ಅಭಿನಂದನೆ ಯಾವುದು? ಒಂದು ಪತ್ರ ಬರೆಯುವ ಆಸೆಯೂ ಇದೆ. ನಾನು ಓದಿದ್ದು ಪಿಯುಸಿ ತನಕ, ಏನು ಬರೆಯಲಿ? ಆಮಂತ್ರಣದಲ್ಲಿ ಈಗಲೇ ‘ಡಾ.’ ಎಂದು ಹಾಕಿಸಬಹುದೇ?

ಪೊನ್ನಂಪೇಟೆ ಸಂಶೋಧಕಿ:
ಅಣ್ಣ, ನಿಮ್ಮ ಅತ್ತಿಗೆಯವರಿಗೆ ಮನಸಾರೆ ಅಭಿನಂದನೆ. ‘ಡಾ.’ ವಿಚಾರದಲ್ಲಿ ಸ್ವಲ್ಪ ತಡೆಯಿರಿ. ಮೌಖಿಕ ಪರೀಕ್ಷೆಯ ವರದಿ ಒಪ್ಪಿಗೆಯಾಗಿ, ವಿಶ್ವವಿದ್ಯಾಲಯ ಪದವಿ ಘೋಷಿಸಿ ಅಧಿಸೂಚನೆ ಅಥವಾ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟ ಮೇಲೆ ಹಾಕುವುದು ಸರಿ. ಘಟಿಕೋತ್ಸವದವರೆಗೆ ಕಾಯಬೇಕಿಲ್ಲ.

ಇನ್ನೊಂದು ಮಾತು. ಸಮಾರಂಭದಲ್ಲಿ ಯಾರಾದರೂ ‘ಎಷ್ಟು ವರ್ಷ ತೆಗೆದುಕೊಂಡರಪ್ಪ’ ಎಂದರೆ ನೀವು ಸುಮ್ಮನಿರಬೇಡಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಪಿಎಚ್.ಡಿ.ಗೆ ಕನಿಷ್ಠ ಅವಧಿಯೇ 3 ವರ್ಷ. ಸಾಮಾನ್ಯ ಮಿತಿ 6 ವರ್ಷ, ಮಹಿಳೆಯರಿಗೆ ಅದರ ಮೇಲೆ ಇನ್ನೂ 2 ವರ್ಷದ ವಿನಾಯಿತಿ. ಮನೆ ನಡೆಸುತ್ತ ಓದುವವರ ಕಷ್ಟ ಬಲ್ಲವರೇ ಈ ನಿಯಮ ಬರೆದಿರಬೇಕು. ನಾನೂ ಆ ವಿನಾಯಿತಿಯಲ್ಲೇ ಓದುತ್ತಿದ್ದೇನೆ, ಹಾಗಾಗಿ ಈ ಪ್ರಶ್ನೆ ಎಷ್ಟು ಚುಚ್ಚುತ್ತದೆಂದು ಗೊತ್ತು.

ಸೋಮವಾರಪೇಟೆ ನಿವೃತ್ತ ಅಧ್ಯಾಪಕ:
ಪತ್ರದಲ್ಲಿ ‘ನಿಮ್ಮ ಸಾಧನೆ ಕುಟುಂಬಕ್ಕೆ ಹೆಮ್ಮೆ’ ಎಂದು ಬರೆಯಬೇಡಿ. ಅದು ಯಾರಿಗಾದರೂ ಒಪ್ಪುವ ಮಾತು. ಅಟ್ಟದ ವಿಷಯ ಇಲ್ಲಿ ಬರೆದಿದ್ದೀರಲ್ಲ, ಅದನ್ನೇ ಬರೆಯಿರಿ. ನಾನು ಎಷ್ಟೋ ಸನ್ಮಾನಗಳಲ್ಲಿ ಕುಳಿತಿದ್ದೇನೆ. ಡಾಕ್ಟರೇಟ್ ಪಡೆದವರನ್ನು ಎಲ್ಲರೂ ಹೊಗಳುತ್ತಾರೆ, ಅವರು ಕಂಡುಕೊಂಡದ್ದೇನೆಂದು ಒಬ್ಬರೂ ಕೇಳುವುದಿಲ್ಲ. ನೀವು ಕೇಳಿ. ಮಹಾಪ್ರಬಂಧದ ಒಂದು ಪ್ರತಿ ಮನೆಯಲ್ಲೇ ಇರುತ್ತದೆ, ಮುಂದೆ ಮಹಾಪ್ರಬಂಧಗಳನ್ನು ಸೇರಿಸಿಡುವ ಶೋಧಗಂಗಾ ಜಾಲತಾಣದಲ್ಲೂ ಸಿಗುತ್ತದೆ. ಇಂಗ್ಲಿಷಿನಲ್ಲಿದ್ದರೆ ನಿಮ್ಮೂರಿನ ಕಾಡಿನ ಪುಟಗಳನ್ನಾದರೂ ಅವರಿಂದಲೇ ಓದಿಸಿಕೊಳ್ಳಿ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಂಚಿನಿಂದ ಸವೆಯುತ್ತಿರುವ ಕಾಡುಗಳಲ್ಲಿ ಏನು ಉಳಿದಿದೆ ಎಂದು ಒಬ್ಬರು ಕುಳಿತು ಬರೆದಿಟ್ಟದ್ದು ಸಣ್ಣ ಕೆಲಸವಲ್ಲ.

ಭಾಗಮಂಡಲದ ಅಕ್ಕ:
ಸಭಾಂಗಣ ಯಾಕೆ? ಆಗಸ್ಟ್ 3ಕ್ಕೆ ಆಟಿ ಹದಿನೆಂಟು (ಆಟಿ ತಿಂಗಳ ಹದಿನೆಂಟನೇ ದಿನ) ಬರುತ್ತದೆ, ಹೇಗೂ ಮನೆಯವರೆಲ್ಲ ಸೇರುತ್ತೀರಿ. ಗಿಡ ಓದಿದವರನ್ನು ಮದ್ದುಸೊಪ್ಪಿನ ಪಾಯಸ ಮಾಡುವ ದಿನ ಗೌರವಿಸುವುದಕ್ಕಿಂತ ಚೆಂದ ಯಾವುದಿದೆ? ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ತೂಗುದೀಪದ ಮುಂದೆ ಹಿರಿಯರಿಂದ ಆಶೀರ್ವಾದ ಕೊಡಿಸಿ. ನಿಮ್ಮ ಅತ್ತಿಗೆ ಅಲೆದ ದೇವರಕಾಡುಗಳ ತಕ್ಕರನ್ನು (ಕಾಡು, ದೇವಸ್ಥಾನ ನೋಡಿಕೊಳ್ಳುವ ಮುಖ್ಯಸ್ಥರನ್ನು) ಮರೆಯದೆ ಕರೆಯಿರಿ. ಅವರ ಒಪ್ಪಿಗೆ ಇಲ್ಲದೆ ಒಂದು ಎಲೆಯನ್ನೂ ಮುಟ್ಟಲಾಗುತ್ತಿರಲಿಲ್ಲ.

ನಾಪೋಕ್ಲು ಬೆಳೆಗಾರ:
ಎಲ್ಲರಿಗೂ ಕೃತಜ್ಞತೆಗಳು. ಆಟಿ ಹದಿನೆಂಟೇ ಗಟ್ಟಿಯಾಯಿತು. ದೊಡ್ಡಪ್ಪ ಸಭಾಂಗಣ ಬಿಟ್ಟರು, ಶಾಲು ಮಾತ್ರ ತಾವೇ ಹೊದಿಸುತ್ತಾರಂತೆ. ಹೊದಿಸಲಿ, ಅದು ಅವರ ಹಕ್ಕು. ಅಮ್ಮನ ಮಂಚವನ್ನು ನಡುಮನೆಗೆ ತರುತ್ತೇವೆ. ಮೊದಲ ಅಕ್ಷತೆ ಅವರ ಕೈಯಿಂದಲೇ ಬೀಳಬೇಕು.

ನಿನ್ನೆ ರಾತ್ರಿ ಅತ್ತಿಗೆಯಿಂದ ನಮ್ಮೂರಿನ ಕಾಡಿನ ಪುಟಗಳನ್ನು ಓದಿಸಿಕೊಂಡೆ. ಅಯ್ಯಪ್ಪನಿಗೆ ಹರಕೆಯ ಮಣ್ಣಿನ ನಾಯಿಗಳನ್ನು ಇಡುವ ಕಟ್ಟೆಯ ಹಿಂದೆ ರಾಮಪತ್ರೆಯ ಮರವಿದೆಯೆಂದು ಗೊತ್ತಾಗಿದ್ದೇ ಆಗ. ಪತ್ರವನ್ನು ಹೀಗೆ ಶುರುಮಾಡಿದ್ದೇನೆ:

‘ಅತ್ತಿಗೆ, ಚಿಕ್ಕಂದಿನಿಂದ ನಾನು ಕೈಮುಗಿದು ಬಂದ ಕಾಡನ್ನು ನೀವು ಮರಮರವಾಗಿ ನೋಡಿದಿರಿ. ಆ ರಾಮಪತ್ರೆಯ ಕೆಳಗೆ ಸಸಿಗಳು ಏಳುತ್ತಿವೆಯೇ? ಮಳೆ ಬಿಟ್ಟ ಮೇಲೆ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿ.’

ತಿದ್ದುವುದಿದ್ದರೆ ಭಾನುವಾರದೊಳಗೆ ತಿಳಿಸಿ, ಆಮೇಲೆ ಶಾಯಿಯಲ್ಲಿ ಬರೆಯುತ್ತೇನೆ.