ಕುಂತಿಬೆಟ್ಟದ ಗುಂಡುಗಳನ್ನು ಕೆತ್ತಿದ್ದು ಗಾಳಿಯೇ? ನಮ್ಮ ಸೀಮೆಯಲ್ಲಿ ಗಾಳಿಯ ಸವೆತ ಎಲ್ಲಿ ಕಾಣಸಿಗುತ್ತದೆ?

ಪಾಂಡವಪುರದ ಶಿಕ್ಷಕಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸುತ್ತೇನೆ. ಗಾಳಿಯು ನೆಲವನ್ನು ಹೇಗೆ ಸವೆಸುತ್ತದೆ, ಸವೆಸಿದ್ದನ್ನು ಹೊತ್ತೊಯ್ದು ಬೇರೆಡೆ ಹೇಗೆ ರಾಶಿ ಹಾಕುತ್ತದೆ ಎಂಬ ಪಾಠ ಬಂದಾಗಲೆಲ್ಲ ಸಹಾರ ಮತ್ತು ಥಾರ್ ಮರುಭೂಮಿಗಳ ಚಿತ್ರಗಳನ್ನೇ ತೋರಿಸಬೇಕಾಗುತ್ತದೆ. ಅಣಬೆ ಬಂಡೆಯ ಚಿತ್ರ ನೋಡಿದ ಮಕ್ಕಳು, ಕುಂತಿಬೆಟ್ಟದಲ್ಲಿ ಒಂದರ ಮೇಲೊಂದು ಕುಳಿತಿರುವ ಗುಂಡುಗಳನ್ನೂ ಗಾಳಿಯೇ ಕೆತ್ತಿತೇ ಎಂದು ಕೇಳುತ್ತಾರೆ. ಬೆಟ್ಟ ಹತ್ತಿಸುವವರಲ್ಲಿ ಕೆಲವರು ಹೌದೆಂದೇ ಹೇಳಿಬಿಡುತ್ತಾರೆ. ಇದು ಸರಿಯೇ? ಸರಿಯಲ್ಲವಾದರೆ, ಮಂಡ್ಯ ಮತ್ತು ಮೈಸೂರಿನ ಸುತ್ತಮುತ್ತ ಗಾಳಿಯ ಕೆಲಸವನ್ನು ಕಣ್ಣಾರೆ ತೋರಿಸಬಹುದಾದ ಜಾಗ ಯಾವುದಾದರೂ ಇದೆಯೇ? ತಲಕಾಡಿಗೆ ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದೆ. ಆದರೆ ಅಲ್ಲಿ ಅಲಮೇಲಮ್ಮನ ಶಾಪದ ಕಥೆಯೇ ಮುಂದಾಗಿ ವಿಜ್ಞಾನ ಹಿಂದೆ ಸರಿಯುತ್ತದೆ ಎಂಬ ಅಳುಕೂ ಇದೆ.

ಮೈಸೂರಿನ ಭೂವಿಜ್ಞಾನ ಆಸಕ್ತ:

ಮೇಡಂ, ಕುಂತಿಬೆಟ್ಟದ ಗುಂಡುಗಳನ್ನು ರೂಪಿಸಿದ್ದು ನೀರು. ಅದೂ ಬಹುಮಟ್ಟಿಗೆ ನೆಲದ ಒಳಗೆ. ನಮ್ಮ ಸೀಮೆಯ ತಳದಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯದಾದ ನೈಸ್ ಶಿಲೆ ಮತ್ತು ಅದರೊಳಗೆ ಆಮೇಲೆ ನುಗ್ಗಿ ಗಟ್ಟಿಯಾದ ಗ್ರಾನೈಟ್. ಈ ಶಿಲೆಗಳಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿರುತ್ತವೆ. ಮಣ್ಣಿನ ಮೂಲಕ ಇಳಿದ ಮಳೆನೀರು ಆ ಬಿರುಕುಗಳನ್ನು ಹಿಡಿದು ಸಾಗುತ್ತ, ಶಿಲೆಯಲ್ಲಿರುವ ಫೆಲ್ಡ್‌ಸ್ಪಾರ್ ಹರಳುಗಳನ್ನು ನಿಧಾನವಾಗಿ ಜೇಡಿಮಣ್ಣಾಗಿ ಮಾರ್ಪಡಿಸುತ್ತದೆ. ಚೌಕಾಕಾರದ ಕಲ್ಲಿನ ಮೂಲೆಗೆ ಮೂರು ಬದಿಯಿಂದ ನೀರು ತಗಲುವುದರಿಂದ ಮೂಲೆಗಳು ಬೇಗ ಕೊಳೆತು, ಒಳಗೆ ದುಂಡನೆಯ ಗಟ್ಟಿ ತಿರುಳು ಉಳಿಯುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಸುತ್ತಲಿನ ಸಡಿಲ ಮಣ್ಣು ಕೊಚ್ಚಿಹೋದ ಮೇಲೆ ಆ ತಿರುಳುಗಳೇ ಗುಂಡುಗಳಾಗಿ ಬಯಲಿಗೆ ಬರುತ್ತವೆ. ರಸ್ತೆ ಅಗಲಿಸಲು ಗುಡ್ಡ ಕಡಿದಿರುವ ಕಡೆ, ಕೊಳೆತ ಕಲ್ಲಿನ ನಡುವೆ ಇನ್ನೂ ಹೂತುಕೊಂಡಿರುವ ದುಂಡುಗಲ್ಲುಗಳು ಕಾಣುತ್ತವೆ. ಅವುಗಳನ್ನು ಗಾಳಿ ಮುಟ್ಟಿಯೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮಕ್ಕಳು ತಾವೇ ಪರೀಕ್ಷಿಸಬಹುದಾದ ಗುರುತೂ ಒಂದಿದೆ. ಬರಿಯ ಗಾಳಿ ಕಲ್ಲನ್ನು ಸವೆಸಲಾರದು; ಅದಕ್ಕೆ ಮರಳಿನ ಕಣಗಳೆಂಬ ಆಯುಧ ಬೇಕು. ಗಾಳಿ ಹೊತ್ತ ಮರಳು ಬಹುಪಾಲು ನೆಲದಿಂದ ಒಂದು ಮೀಟರಿನೊಳಗೇ ಹಾರುತ್ತದೆ. ಆದ್ದರಿಂದಲೇ ಮರುಭೂಮಿಯ ಅಣಬೆ ಬಂಡೆಯ ಬುಡ ಸವೆದು ಸಣ್ಣದಾಗಿ, ತಲೆ ದಪ್ಪವಾಗಿ ಉಳಿಯುತ್ತದೆ. ಕುಂತಿಬೆಟ್ಟದ ಗುಂಡುಗಳ ಬುಡವನ್ನು ನೋಡಿ. ಅಲ್ಲಿ ಕಲ್ಲುಹೂವು ಹಬ್ಬಿರುತ್ತದೆ. ಮರಳಿನ ಹೊಡೆತ ಬೀಳುವ ಕಲ್ಲಿನ ಮೇಲೆ ಕಲ್ಲುಹೂವು ನಿಲ್ಲುವುದಿಲ್ಲ.

ಇನ್ನು ಗಾಳಿ ಮಣ್ಣನ್ನು ಎತ್ತುವ ಬಗೆ. ಕಣದಲ್ಲಿ ರಾಗಿ ತೂರುವಾಗ ಕಾಳು ಹತ್ತಿರವೇ ಬಿದ್ದು, ಹೊಟ್ಟು ದೂರಕ್ಕೆ ಹೋಗುವುದನ್ನು ಮಕ್ಕಳು ನೋಡಿರುತ್ತಾರೆ. ನೆಲದ ಮೇಲೂ ಗಾಳಿ ಇದನ್ನೇ ಮಾಡುತ್ತದೆ. ಅರ್ಧ ಮಿಲಿಮೀಟರಿಗಿಂತ ದಪ್ಪನೆಯ ಕಣಗಳು ಮೇಲೇಳಲಾರದೆ ಉರುಳುತ್ತವೆ. 0.1ರಿಂದ 0.5 ಮಿಲಿಮೀಟರಿನ ಕಣಗಳು ಜಿಗಿಯುತ್ತವೆ: ಒಂದು ಕಣ ಮೇಲೆದ್ದು, ಗಾಳಿಯಿಂದ ವೇಗ ಪಡೆದು, ಮುಂದೆ ಬಿದ್ದು, ಬಿದ್ದ ರಭಸಕ್ಕೆ ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಮರಳಿನ ಸಾಗಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುವುದು ಈ ಜಿಗಿತದಿಂದಲೇ. 0.06 ಮಿಲಿಮೀಟರಿಗಿಂತ ಸಣ್ಣ ಧೂಳು ಒಮ್ಮೆ ಎದ್ದರೆ ಗಾಳಿಯಲ್ಲೇ ತೇಲುತ್ತ ಸಾವಿರಾರು ಕಿಲೋಮೀಟರ್ ಸಾಗಬಲ್ಲದು. ಸಹಾರದ ಧೂಳು ಅಟ್ಲಾಂಟಿಕ್ ಸಾಗರ ದಾಟಿ ಅಮೆಜಾನ್ ಕಾಡಿಗೆ ಬೀಳುತ್ತದೆ. ಇಲ್ಲೊಂದು ಅಚ್ಚರಿಯ ಸಂಗತಿಯಿದೆ. ಗಾಳಿಗೆ ಎಲ್ಲಕ್ಕಿಂತ ಸುಲಭವಾಗಿ ಎದ್ದುಬರುವುದು ಅತಿ ಸಣ್ಣ ಧೂಳಲ್ಲ, ಸುಮಾರು 0.1 ಮಿಲಿಮೀಟರಿನ ನಯವಾದ ಮರಳು. ಧೂಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ನೆಲವನ್ನು ಬಿಡುವುದಿಲ್ಲ. ಜಿಗಿಯುವ ಮರಳು ಬಂದು ಬಡಿದಾಗಲೇ ಅವು ಸಡಿಲಗೊಳ್ಳುತ್ತವೆ.

ಈ ನಿಯಮಗಳನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್. ಲಿಬಿಯಾದ ಮರುಭೂಮಿಯಲ್ಲಿ ತಿರುಗಾಡಿ, ಆಮೇಲೆ ಗಾಳಿಯ ಸುರಂಗದಲ್ಲಿ ಪ್ರಯೋಗ ನಡೆಸಿದ ಅವರು 1941ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಸಾಗುವ ಮರಳಿನ ಪ್ರಮಾಣ ಗಾಳಿಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ಸೂತ್ರ. ಬಿರುಗಾಳಿಯ ವೇಗ ಎರಡು ಪಟ್ಟಾದರೆ ಮರಳಿನ ಸಾಗಣೆ ಸುಮಾರು ಎಂಟು ಪಟ್ಟಾಗುತ್ತದೆ. ಹೀಗಾಗಿ ವರ್ಷವಿಡೀ ಬೀಸುವ ಮಂದ ಗಾಳಿಗಿಂತ ಕೆಲವೇ ದಿನಗಳ ಬಿರುಸು ಗಾಳಿಯೇ ನೆಲವನ್ನು ಹೆಚ್ಚು ಬದಲಿಸುತ್ತದೆ.

ತಿರುಮಕೂಡಲಿನ ಇತಿಹಾಸ ಓದುಗ:

ತಲಕಾಡಿಗೆ ಖಂಡಿತ ಕರೆದುಕೊಂಡು ಹೋಗಿ ಮೇಡಂ. ಮೈಸೂರು ಜಿಲ್ಲೆಯಲ್ಲಿ ಗಾಳಿಯ ಕೆಲಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಸ್ಥಳ ನನಗೆ ಕಂಡಿಲ್ಲ. ಗಂಗರ ರಾಜಧಾನಿಯಾಗಿ, ಚೋಳರ ಕೈಸೇರಿ, 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನು ಗೆದ್ದು 'ತಲಕಾಡುಗೊಂಡ' ಎಂಬ ಬಿರುದು ಪಡೆದ ಪಟ್ಟಣವದು. ಆ ಗೆಲುವಿನ ನೆನಪಿಗೆ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನೂ ಮರಳು ತೆಗೆದೇ ನೋಡಬೇಕಾಯಿತು. ಪಾತಾಳೇಶ್ವರ, ಮರಳೇಶ್ವರ ಗುಡಿಗಳಿಗೆ ಇಂದಿಗೂ ಮೆಟ್ಟಿಲಿಳಿದು ಹೋಗಬೇಕು. ಹಳೆಯ ಗ್ಯಾಸೆಟಿಯರ್ ಪ್ರಕಾರ, ಸುಮಾರು ಒಂದು ಮೈಲಿ ಉದ್ದದ ಮರಳು ದಿಣ್ಣೆಗಳು ನೈಋತ್ಯ ಮಾರುತದ ಕಾಲದಲ್ಲಿ ವರ್ಷಕ್ಕೆ 9ರಿಂದ 10 ಅಡಿಯಂತೆ ಊರಿನ ಮೇಲೆ ಏರಿ ಬರುತ್ತಿದ್ದವು. ಜನರು ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಗುತ್ತಿತ್ತು. ಈ ಮಾತನ್ನು ಓದಿದಾಗ ನನಗೆ ರಾಜರ ಕಥೆಗಿಂತ ಆ ಮನೆಗಳವರ ಪಾಡೇ ಹೆಚ್ಚು ಕಾಡುತ್ತದೆ.

ಶಾಪದ ಕಥೆಯನ್ನು ಬದಿಗಿಡಬೇಡಿ ಎಂಬುದು ನನ್ನ ಅಭಿಪ್ರಾಯ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಸಂದರ್ಭಕ್ಕೆ ಸೇರಿದ ಆ ಕಥೆಯಲ್ಲಿ ಅಲಮೇಲಮ್ಮ ಹೇಳುವ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಎಂಬ ಮಾತು ನದಿಯ ಸ್ವಭಾವಕ್ಕೆ ಚೆನ್ನಾಗಿ ಹೊಂದುತ್ತದೆ. ನಕ್ಷೆಯಲ್ಲಿ ನೋಡಿದರೆ ಕಾವೇರಿ ಅಲ್ಲಿ ದಕ್ಷಿಣಕ್ಕೆ ಬಾಗಿ ಈಶಾನ್ಯಕ್ಕೆ ತಿರುಗುತ್ತಾಳೆ. ತಿರುವಿನ ಹೊರದಂಡೆಯಲ್ಲಿ ನೀರಿನ ರಭಸ ಹೆಚ್ಚಾಗಿ ದಡ ಕೊರೆದು ಮಡುವಾಗುತ್ತದೆ. ಮಾಲಂಗಿ ಆ ಬದಿಗಿದೆ. ಒಳದಂಡೆಯಲ್ಲಿ ರಭಸ ತಗ್ಗಿ ಮರಳು ಶೇಖರವಾಗುತ್ತದೆ. ತಲಕಾಡು ಈ ಬದಿಗಿದೆ. ನದಿ ತಂದು ಸುರಿದ ಮರಳನ್ನು ನೈಋತ್ಯದ ಗಾಳಿ ನೇರವಾಗಿ ಊರಿನ ಕಡೆಗೆ ತಳ್ಳುತ್ತದೆ. ವಿಜಯನಗರ ಕಾಲದ ಮಾಧವಮಂತ್ರಿ ಅಣೆಕಟ್ಟೆ ನದಿಯ ಹರಿವನ್ನು ಬದಲಿಸಿದ್ದರಿಂದ ಹೆಚ್ಚು ಮರಳು ಗಾಳಿಗೆ ಸಿಕ್ಕಿತು ಎಂಬ ವಾದವೂ ಇದೆ. ಅದು ನಿಜವಾದರೆ ಮರಳಿನ ಕಥೆ ಶಾಪದ ಕಾಲಕ್ಕಿಂತ ಹಿಂದೆಯೇ ಆರಂಭವಾಗಿರಬೇಕು.

ಪಾಂಡವಪುರದ ಶಿಕ್ಷಕಿ:

ಇಬ್ಬರಿಗೂ ಧನ್ಯವಾದಗಳು ಸರ್. ಒಂದು ಸಂದೇಹ ಉಳಿದಿದೆ. ನೈಋತ್ಯ ಮಾರುತದ ಕಾಲ ಎಂದರೆ ಮಳೆಗಾಲ. ಒದ್ದೆ ಮರಳು ಹಾರುವುದಿಲ್ಲ, ಹೊಳೆಯೂ ತುಂಬಿರುತ್ತದೆ. ಹಾಗಿದ್ದರೂ ಆ ತಿಂಗಳುಗಳಲ್ಲೇ ದಿಣ್ಣೆ ಮುಂದೆ ಸರಿಯುವುದು ಹೇಗೆ? ಮಕ್ಕಳು ಇದನ್ನು ಕೇಳದೆ ಬಿಡುವುದಿಲ್ಲ.

ಮೈಸೂರಿನ ಭೂವಿಜ್ಞಾನ ಆಸಕ್ತ:

ಒಳ್ಳೆಯ ಪ್ರಶ್ನೆ. ನಮ್ಮ ಸೀಮೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಮಳೆ ಸುರಿಯುತ್ತಿದ್ದರೆ, ಇಲ್ಲಿ ತುಂತುರು ಹನಿಯೊಂದಿಗೆ ಜೋರು ಗಾಳಿ ಬೀಸುತ್ತದೆ. ಮೈಸೂರಿನ ಹೆಚ್ಚಿನ ಮಳೆ ಬೀಳುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಮರಳು ನೀರನ್ನು ಹಿಡಿದಿಡುವುದಿಲ್ಲ. ಹನಿ ನಿಂತು ಬಿಸಿಲು ಗಾಳಿ ಬಿದ್ದರೆ ಮೇಲಿನ ತೆಳುಪದರ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ಜಿಗಿತಕ್ಕೆ ಅಷ್ಟು ಸಾಕು. ಹೊಳೆಯ ವಿಷಯಕ್ಕೆ ಬಂದರೆ, ಬೇಸಿಗೆಯಲ್ಲಿ ಪಾತ್ರದ ಮರಳು ಬಯಲಾಗಿರುತ್ತದೆ ಮತ್ತು ಆಷಾಢದ ಗಾಳಿಯ ಮುನ್ನುಡಿಯಂತಹ ಬೀಸು ಪ್ರವಾಹಕ್ಕೆ ಮುಂಚೆಯೇ ಆರಂಭವಾಗುತ್ತದೆ. ಪ್ರವಾಹದ ಮಟ್ಟಕ್ಕಿಂತ ಮೇಲೇರಿ ಕುಳಿತ ದಿಣ್ಣೆಗೆ ಹೊಳೆ ತುಂಬಿದರೂ ಅಡ್ಡಿಯಿಲ್ಲ.

ದಿಣ್ಣೆ ಸರಿಯುವ ಬಗೆಯನ್ನು ಅಲ್ಲೇ ವಿವರಿಸಬಹುದು. ಗಾಳಿಗೆ ಎದುರಾದ ಬದಿಯ ಇಳಿಜಾರು ಸೌಮ್ಯವಾಗಿರುತ್ತದೆ. ಕಣಗಳು ಅದನ್ನೇರಿ ನೆತ್ತಿಯಾಚೆ ಬಿದ್ದು, ಮರೆಯ ಬದಿಯ ಕಡಿದಾದ ಮುಖದಲ್ಲಿ ಜಾರುತ್ತವೆ. ಒಣ ಮರಳು ಸುಮಾರು 30ರಿಂದ 34 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು. ಶಾಲೆಯ ಕೋನಮಾಪಕದಿಂದಲೇ ಮಕ್ಕಳು ಅಳೆಯಬಹುದು. ಇಂದು ತಲಕಾಡಿನ ದಿಣ್ಣೆಗಳ ಬಹುಭಾಗವನ್ನು ನೀಲಗಿರಿ ಮತ್ತು ಸರ್ವೆ ಮರಗಳು ಹಿಡಿದಿಟ್ಟಿವೆಯಾದ್ದರಿಂದ, ಮರವಿಲ್ಲದ ತಾವನ್ನು ಹುಡುಕಿ ಅಳೆಯಬೇಕು.

ನಾಗಮಂಗಲದ ರಾಗಿ ಬೆಳೆಗಾರ:

ತಲಕಾಡಿನ ಮರಳು ಎಲ್ಲರ ಕಣ್ಣಿಗೆ ಬೀಳುತ್ತದೆ. ಹೊಲದಿಂದ ಹೋಗುವ ಮಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ನಮ್ಮ ಕೆಂಪು ಭೂಮಿಯಲ್ಲಿ ಮಳೆನೀರು ಕೊಚ್ಚುವುದೇ ದೊಡ್ಡ ನಷ್ಟ, ಗಾಳಿಯದು ಅದಕ್ಕಿಂತ ಕಡಿಮೆ. ಆದರೆ ಗಾಳಿ ಆರಿಸಿ ಒಯ್ಯುತ್ತದೆ. ಮೇಲೆ ಹೇಳಿದಂತೆ ನಯವಾದ ಜೇಡಿ ಮತ್ತು ಗೊಬ್ಬರದ ಅಂಶ ಹಾರಿಹೋಗಿ, ದಪ್ಪ ಮರಳು ಮತ್ತು ಗರಸು ಹಿಂದೆ ಉಳಿಯುತ್ತವೆ. ನೀರನ್ನೂ ಸಾರವನ್ನೂ ಹಿಡಿದಿಡುತ್ತಿದ್ದ ಭಾಗವೇ ಹೋಗುವುದರಿಂದ, ಹೋದ ಮಣ್ಣಿನ ತೂಕ ಕಡಿಮೆಯಿದ್ದರೂ ಪೆಟ್ಟು ದೊಡ್ಡದು.

ಅಪಾಯದ ಕಾಲವೂ ಖಚಿತವಾಗಿದೆ. ಮುಂಗಾರಿಗೆ ಮುಂಚೆ ಉತ್ತು ಹುಡಿ ಮಾಡಿದ ಹೊಲ, ರಾಗಿ ಪೈರು ನೆಲ ಮುಚ್ಚುವವರೆಗೆ ಬರಿಯಾಗಿರುತ್ತದೆ, ಆಷಾಢದ ಗಾಳಿ ಬೀಸುವುದೂ ಆಗಲೇ. ಮಳೆ ಬಿದ್ದು ಒಣಗಿದ ನೆಲದ ಮೇಲೆ ಕಟ್ಟುವ ಹೆಪ್ಪು ಒಂದಿಷ್ಟು ರಕ್ಷಣೆ ಕೊಡುತ್ತದೆ. ಟ್ರ್ಯಾಕ್ಟರಿನಲ್ಲಿ ರೋಟವೇಟರ್ ಹೊಡೆದು ಹಿಟ್ಟಿನಂತೆ ಮಾಡಿದರೆ ಅದೂ ಇರುವುದಿಲ್ಲ. ಅಮೆರಿಕದ ಬಯಲುಗಳಲ್ಲಿ ಹುಲ್ಲುಗಾವಲನ್ನು ಉತ್ತು ಹಾಕಿ, ಬರ ಬಂದಾಗ 1930ರ ದಶಕದಲ್ಲಿ ಆದ ಅನಾಹುತ ಎಲ್ಲರಿಗೂ ತಿಳಿದಿದೆ. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಅದೇ ತಿಂಗಳು ಆ ದೇಶ ಮಣ್ಣು ಸಂರಕ್ಷಣೆಗೆ ಕಾಯಿದೆ ಮಾಡಿತು. ನಮ್ಮಲ್ಲಿ ಅಂಥದ್ದು ಆಗದಿರಲು ಸಣ್ಣ ಹಿಡುವಳಿ, ಬದುಗಳು, ಬದುವಿನ ಮರಗಳು ಕಾರಣವೆಂದು ನಾನು ನಂಬಿದ್ದೇನೆ. ಈಗ ಬದುಗಳನ್ನು ಒಡೆದು ಹೊಲ ಒಂದು ಮಾಡುವುದನ್ನು ಕಂಡಾಗ ಸಂಕಟವಾಗುತ್ತದೆ.

ಮಕ್ಕಳಿಗೆ ಹೇಳಬಹುದಾದ ಉಪಾಯಗಳು ಸರಳವಾಗಿವೆ. ರಾಗಿ ಕೂಳೆಯನ್ನು ಬೇಗ ಕೀಳದೆ ಬಿಡುವುದು, ಗಾಳಿಗೆ ಅಡ್ಡಲಾಗಿ ಉಳುವುದು, ಅಕ್ಕಡಿ ಸಾಲಿನ ತೊಗರಿಯನ್ನು ಗಾಳಿಗೆ ಅಡ್ಡಲಾಗಿ ಹಾಕುವುದು. ಇಲ್ಲಿನ ಗಾಳಿ ಪಶ್ಚಿಮದ ಕಡೆಯಿಂದ ಬರುವುದರಿಂದ ಮರದ ಸಾಲು ಉತ್ತರ–ದಕ್ಷಿಣವಾಗಿರಬೇಕು. ಅಂಥ ಸಾಲು ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯನ್ನು ಚೆನ್ನಾಗಿ ತಗ್ಗಿಸುತ್ತದೆ. 30 ಅಡಿಯ ಹೊಂಗೆ ಸಾಲಿನ ಮರೆ 300 ಅಡಿಗೆ ಸಿಗುತ್ತದೆ. ಗೋಡೆಯಂತೆ ಒತ್ತಾಗಿದ್ದರೆ ಗಾಳಿ ಮೇಲಿನಿಂದ ಹಾರಿ ಹಿಂದೆ ಸುಳಿಯಾಗಿ ಎರಗುತ್ತದೆ, ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಸಾಲೇ ಉತ್ತಮ. ನಮ್ಮಲ್ಲಿ ಸಿಲ್ವರ್ ಓಕ್ ಹಾಕಿದವರು ಬುಡದ ಕೊಂಬೆಗಳನ್ನೆಲ್ಲ ಸವರಿಬಿಡುತ್ತಾರೆ. ಹಾಗೆ ಮಾಡಿದರೆ ಕಾಂಡಗಳ ನಡುವೆ ಗಾಳಿ ಇನ್ನೂ ಬಿರುಸಾಗಿ, ಮಣ್ಣು ಜಿಗಿಯುವ ಮಟ್ಟದಲ್ಲೇ ನುಗ್ಗುತ್ತದೆ. ಆದ್ದರಿಂದ ಮರಗಳ ಬುಡದಲ್ಲಿ ಗ್ಲಿರಿಸಿಡಿಯಾದಂತಹ ಪೊದೆಯ ಸಾಲೊಂದನ್ನೂ ಬೆಳೆಸಬೇಕು.