ಅಪ್‌ಡೇಟ್: ಮನೆಯಲ್ಲಿ ಹೊಲಿದ ಬಟ್ಟೆ ಡೈಪರ್ ಸೋರುವುದು ಬಹುಪಾಲು ನಿಂತಿತು

ಹೋದ ವಾರ ಕೇಳಿದ್ದೆನಲ್ಲ, ಪಾಪುಗೆ ಹೊಲಿದ ಡೈಪರ್ ಅರ್ಧ ಗಂಟೆಗೇ ಸೋರುತ್ತೆ, ಒಳಗಿನ ಪ್ಯಾಡ್ ಮಾತ್ರ ಒಣಗೇ ಇರುತ್ತೆ ಅಂತ. ಕಾರಣ ಸಿಕ್ತು. "ಪ್ಯಾಡ್ ಮೇಲೆ ಒಂದು ಚಮಚ ನೀರು ಹಾಕಿ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ಹಾಕಿದ್ರೆ ಕೆಸುವಿನೆಲೆ ಮೇಲಿನ ಹನಿ ಥರ ಉರುಳಿ ಹೋಯ್ತು! ಪ್ಯಾಡ್‌ಗೆ ಹಾಕಿದ್ದು ಫ್ಲಾನಲ್, ಅಂದ್ರೆ ಮೆತ್ತನೆಯ ಹತ್ತಿ ಬಟ್ಟೆ. ಅದು ಹೊಸದಿದ್ದಾಗ ಗಂಜಿ, ಹತ್ತಿಯದೇ ಮೇಣದಂಶ ಎರಡೂ ಇರುತ್ತಂತೆ. ಸಾಲದ್ದಕ್ಕೆ ಘಮ ಬರಲಿ ಅಂತ ನಾನು ಫ್ಯಾಬ್ರಿಕ್ ಕಂಡೀಷನರ್ ಬೇರೆ ಹಾಕ್ತಿದ್ದೆ, ಅದೂ ನೀರು ಹೀರಲು ಬಿಡಲ್ಲ. ಅದನ್ನ ನಿಲ್ಲಿಸಿ, ಬಿಸಿನೀರಲ್ಲಿ ನಾಲ್ಕು ಸಲ ಒಗೆದು ಬಿಸಿಲಿಗೆ ಹಾಕಿದೆ. ಈಗ ನೀರು ಬಿದ್ದ ಕೂಡಲೇ ಎಳೆದುಕೊಳ್ಳುತ್ತೆ.

ಇನ್ನೆರಡು ಪದರ ಸೇರಿಸಿ ಅನ್ನೋ ಸಲಹೆ ನನಗೆ ಉಪಯೋಗಕ್ಕೆ ಬರಲಿಲ್ಲ. ದಪ್ಪ ಹೆಚ್ಚಾಗಿ ಮಷಿನ್ ಹೊಲಿಗೆ ಬಿಡೋಕೆ ಶುರುಮಾಡ್ತು. 14ರ ಸೂಜಿ ತೆಗೆದು ಅದಕ್ಕಿಂತ ದಪ್ಪನೆಯ 16ರದ್ದು ಹಾಕಿದ ಮೇಲೆ ಸರಿಹೋಯ್ತು. ಒಣಗೋಕೆ ಮಾತ್ರ ಎರಡು ದಿನ.

ತಮಾಷೆ ಅಂದ್ರೆ, ಅಮ್ಮ ಅಪ್ಪನ ಹಳೇ ಪಂಚೆ ಮಡಚಿ ಹೊಲಿದುಕೊಟ್ಟ ಪ್ಯಾಡ್ ಮೊದಲ ದಿನದಿಂದಲೇ ಚೆನ್ನಾಗಿ ಹೀರ್ತಿದೆ. ವರ್ಷಗಟ್ಟಲೆ ಒಗೆದ ಬಟ್ಟೆ ಅಲ್ವಾ! ಅಮ್ಮ ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ.

ರಾತ್ರಿ ತೊಡೆ ಸಂದಿಯಲ್ಲಿ ಇನ್ನೂ ಸ್ವಲ್ಪ ಸೋರುತ್ತೆ. ಎಲಾಸ್ಟಿಕ್ ಸಡಿಲ ಇದೆ, ಭಾನುವಾರ ಬಿಚ್ಚಿ ಹೊಲಿಯಬೇಕು.